ಪರವಲಯ ಆಂಟೆನಾದ ಪರಿಷ್ಕಾರ

ದೂರದಿಂದ ಬರುವ ಸಮಾಂತರ ಕಿರಣಗಳೆಲ್ಲವನ್ನೂ ಒಂದೇ ನಾಭಿಯಲ್ಲಿ ಕೂಡಿಸುವ ಪರವಲಯದ ಗುಣವು ಪ್ರಾಚೀನ ಗ್ರೀಕ್ ರೇಖಾಗಣಿತಜ್ಞರಿಗೇ ವಿದಿತವಾಗಿದ್ದರೂ, ಅದನ್ನು ರೇಡಿಯೋ ಅಲೆಗಳಿಗೆ ಅನ್ವಯಿಸಿದ ಕೀರ್ತಿಯು, 1888ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ 2 ಮೀಟರ್ ಉದ್ದದ ಸತುವಿನ ತಗಡನ್ನು ಮರದ ಚೌಕಟ್ಟಿಗೆ ಬಾಗಿಸಿ, ಸುಮಾರು 66 ಸೆಂಟಿಮೀಟರ್ ತರಂಗದೂರದ ಅಲೆಗಳನ್ನು ಒಂದು ದಿಕ್ಕಿಗೆ ಹರಿಸಿದ ಹೈನ್ರಿಖ್ ಹರ್ಟ್ಸ್‌ನಿಗೆ ಸಲ್ಲತಕ್ಕದ್ದು. 1937ರಲ್ಲಿ ಅಮೆರಿಕದ ವೀಟನ್ ಪಟ್ಟಣದಲ್ಲಿ ಗ್ರೋಟ್ ರೀಬರ್ ಎಂಬ ತರುಣ ಇಂಜಿನಿಯರನು ಸ್ವಂತ ವೆಚ್ಚದಿಂದ ಮನೆಯ ಅಂಗಳದಲ್ಲಿಯೇ 31 ಅಡಿ ವ್ಯಾಸದ ತಟ್ಟೆಯನ್ನು ಕಟ್ಟಿ ಆಕಾಶಗಂಗೆಯ ರೇಡಿಯೋ ನಕ್ಷೆಯನ್ನು ಬರೆದನು. 1957ರಲ್ಲಿ ಇಂಗ್ಲೆಂಡಿನ ಜೋಡ್ರೆಲ್ ಬ್ಯಾಂಕಿನಲ್ಲಿ 76 ಮೀಟರಿನ ತಟ್ಟೆಯೇ ಮೇಲೆದ್ದಿತು.

ಆದರೆ ಈ ಶಾಸ್ತ್ರದ ಪ್ರಗತಿಯನ್ನು ವ್ಯಾಸದಿಂದ ಅಳೆಯುವುದು ಯುಕ್ತವಲ್ಲವೆಂದೇ ನನ್ನ ಅಭಿಪ್ರಾಯ. ನಾಭಿಯಲ್ಲಿದ್ದು ತಟ್ಟೆಗೆ ಅಲೆಗಳನ್ನು ಸೂಸುವ ಇಲ್ಲವೇ ಅದರಿಂದ ಪಡೆಯುವ ಫೀಡು ಶಕ್ತಿಯನ್ನು ಅಂಚಿನವರೆಗೂ ಸಮನಾಗಿ ಹರಡಲು ಹೊರಟರೆ ಅದರ ಒಂದು ಪಾಲು ಅಂಚನ್ನು ಮೀರಿ ಚೆಲ್ಲಿಹೋಗುತ್ತದೆ, ಆಲಿಸುವಾಗಲಂತೂ ಆ ದಾರಿಯಿಂದಲೇ ಬೆಚ್ಚನೆಯ ನೆಲದ ಗದ್ದಲವು ಒಳನುಗ್ಗುತ್ತದೆ. ನಡುವಿಗೇ ಕೂಡಿಹಾಕಿದರೆ ಅಂಚಿನ ಲೋಹವೆಲ್ಲ ವ್ಯರ್ಥ. ಆದಕಾರಣ ಅಂಚಿನಲ್ಲಿ ನಡುವಿಗಿಂತ ಸುಮಾರು 10 ಡೆಸಿಬೆಲ್ ಕಡಿಮೆ, ಎಂದರೆ ಹತ್ತರಲ್ಲೊಂದು ಪಾಲು ಶಕ್ತಿ ಬೀಳುವಂತೆ ಫೀಡನ್ನು ರಚಿಸುವ ಪದ್ಧತಿಯು ರೂಢವಾಯಿತು. 1960ರ ದಶಕದಲ್ಲಿ, ಒಳಗೋಡೆಯಲ್ಲಿ ಉಂಗುರದಂತಹ ಗೀರುಗಳುಳ್ಳ ಹಾರ್ನ್ ಎಂಬ ಕಹಳೆಯಾಕಾರದ ಫೀಡು ಬಂದು ಎಲ್ಲ ಪಕ್ಕಗಳಿಗೂ ಒಂದೇ ತೆರನಾದ ಕಿರಣವನ್ನು ಕೊಟ್ಟಿತು. ಎರಡು ಪ್ರತಿಫಲಕಗಳ ಕ್ಯಾಸೆಗ್ರೇನ್ ವಿನ್ಯಾಸದಲ್ಲಿ ಎರಡರ ಆಕಾರವನ್ನೂ ತುಸು ತಿದ್ದಿ ದಕ್ಷತೆಯನ್ನು ಇನ್ನಷ್ಟು ಏರಿಸಿದರು.

ಇನ್ನು ಮೇಲ್ಮೈಯ ವಿಚಾರ. ಸರಾಸರಿ ದೋಷವು ತರಂಗದೂರದ ಹದಿನಾರರಲ್ಲೊಂದು ಭಾಗಕ್ಕೆ ಮುಟ್ಟಿದರೆ ಸಾಮರ್ಥ್ಯವು ಹೆಚ್ಚುಕಡಿಮೆ ಅರ್ಧಕ್ಕಿಳಿಯುವುದೆಂದು ಜಾನ್ ರೂಜ್ ಎಂಬಾತನ ಸೂತ್ರವು ತಿಳಿಸುತ್ತದೆ. 3 ಸೆಂಟಿಮೀಟರಿನ ಅಲೆಗೆ ಅದು 2 ಮಿಲಿಮೀಟರೂ ಆಗದು! ಸಾವಿರಾರು ಟನ್ ಉಕ್ಕು ತನ್ನ ಭಾರಕ್ಕೇ ಬಾಗದಿರುವುದುಂಟೆ? ಬಾಗಲಿ, ಆದರೆ ಬಾಗಿದ ಮೇಲೂ ಪರವಲಯವಾಗಿಯೇ ಉಳಿಯಲಿ ಎಂದು ಸೆಬಾಸ್ಟಿಯನ್ ಫಾನ್ ಹೋರ್ನರನು 1967ರಲ್ಲಿ ಪ್ರತಿಪಾದಿಸಿದ ತತ್ತ್ವವನ್ನು ನಾನು ಈ ಇತಿಹಾಸದ ಶಿಖರವೆಂದು ಗಣಿಸುತ್ತೇನೆ. 1972ರಲ್ಲಿ ಕಾರ್ಯಾರಂಭ ಮಾಡಿದ ಜರ್ಮನಿಯ ಎಫೆಲ್ಸ್‌ಬರ್ಗಿನ 100 ಮೀಟರ್ ತಟ್ಟೆಯು ಓರೆಯಾದಂತೆಲ್ಲ ಒಂದು ಪರವಲಯದಿಂದ ಇನ್ನೊಂದಕ್ಕೆ ಮಾರ್ಪಡುತ್ತದೆ. ಸರಿದ ನಾಭಿಗೆ ಫೀಡನ್ನು ಸರಿಸಿದರೆ ಸಾಕು.

ನಮ್ಮ ದೇಶದ ಗೋವಿಂದ ಸ್ವರೂಪರು ಬೇರೆ ಮಾರ್ಗವನ್ನು ಹಿಡಿದರು. ಮೀಟರ್ ಪ್ರಮಾಣದ ಅಲೆಗಳಿಗೆ ಅಷ್ಟು ನುಣುಪು ಅನಾವಶ್ಯಕವೆಂದರಿತು, ಪುಣೆಯ ಉತ್ತರಕ್ಕೆ ಖೋಡದ್ ಬಳಿ, ಸೆಳೆದು ಕಟ್ಟಿದ ಉಕ್ಕಿನ ಹಗ್ಗಗಳ ಮೇಲೆ ತೆಳುತಂತಿಯ ಜಾಲರಿಯನ್ನು ಹೊದಿಸಿದ 45 ಮೀಟರಿನ 30 ತಟ್ಟೆಗಳನ್ನು ಅವರು ನಿಲ್ಲಿಸಿದರು. ಗಾಳಿಯು ಜಾಲರಿಯ ಮೂಲಕ ಹಾಯುವುದರಿಂದ ಭಾರವೂ ವೆಚ್ಚವೂ ಬಹುವಾಗಿ ತಗ್ಗಿದವು. ಬೆಂಗಳೂರಿನ ಸಮೀಪದ ಬ್ಯಾಲಾಳಿನಲ್ಲಿರುವ ಇಸ್ರೋದ 32 ಮೀಟರ್ ಆಂಟೆನಾದಲ್ಲಿ ಫೀಡು ನಾಭಿಯಲ್ಲಿರುವುದೇ ಇಲ್ಲ. ಕನ್ನಡಿಗಳ ಸಾಲೊಂದು ಅಲೆಯನ್ನು ಬುಡದ ಕೋಣೆಗೆ ಇಳಿಸುತ್ತದೆ. 2008ರಲ್ಲಿ ಚಂದ್ರಯಾನ-1ರ ಸಂಕೇತಗಳನ್ನು ಈ ಆಂಟೆನಾ ಗ್ರಹಿಸಿತು.