ಜೊಯಿಡಾದಲ್ಲಿ ಹಾಪ್ಸ್ ಬಳ್ಳಿ ಹಬ್ಬುತ್ತಾ?

ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡ ಕಡೆಯ ಕೇಳುಗರಿಗೆ ಇವತ್ತಿನ ಸಂಚಿಕೆ. ಬಿಯರ್‌ಗೆ ಹಾಕೋ ಹಾಪ್ಸ್ ನಮ್ಮ ತೋಟದಲ್ಲೂ ಬೆಳೆಯುತ್ತಾ? ಬಳ್ಳಿಗೆ ದುಡ್ಡು ಹಾಕೋ ಮುಂಚೆ ಅದರ ಇತಿಹಾಸ ಸ್ವಲ್ಪ ಕೇಳಿ.

ಹಾಪ್ಸ್ ನಮ್ಮ ಕಾಳುಮೆಣಸಿನ ಹಾಗೇ ಮೇಲಕ್ಕೆ ಹಬ್ಬೋ ಬಳ್ಳಿ. ಕುಟುಂಬ ಮಾತ್ರ ಗಾಂಜಾದ್ದು. ಹೆಣ್ಣು ಬಳ್ಳಿಯ ಹೂವಿನಲ್ಲಿರೋ ಹಳದಿ ಪುಡಿ ಬಿಯರ್‌ಗೆ ಕಹಿ ಮತ್ತು ಘಮ ಕೊಡುತ್ತೆ, ಬೇಗ ಹುಳಿಯಾಗದಂತೆಯೂ ಕಾಯುತ್ತೆ.

ಈ ಎರಡು ಬಳ್ಳಿಗಳ ಕಥೆ ಸಮುದ್ರದಲ್ಲಿ ಸೇರುತ್ತೆ. 1498ರಲ್ಲಿ ವಾಸ್ಕೋ ಡ ಗಾಮ ಆಫ್ರಿಕಾ ಸುತ್ತಿ ಬಂದಿದ್ದು ಮಸಾಲೆಗಾಗಿ. ನಮ್ಮದೇ ಜಿಲ್ಲೆಯ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಅಂತಲೇ ಕರೆದರು. ಮೆಣಸು ಹೋದ ದಾರಿಯಲ್ಲೇ, 18ನೇ ಶತಮಾನದ ಕೊನೆಗೆ, ಲಂಡನ್ನಿನ ಹಾಡ್ಜ್‌ಸನ್ ಬ್ರೂವರಿಯ ಪೀಪಾಯಿಗಳು ಭಾರತಕ್ಕೆ ಬಂದವು. ತಿಂಗಳುಗಟ್ಟಲೆ ಪಯಣ, ಮೇಲೆ ಸೆಕೆ. ಕೆಡಬಾರದು ಅಂತ ಹಾಪ್ಸ್ ಹೆಚ್ಚು ಹಾಕ್ತಿದ್ರು. ಇಂಥ ಬಿಯರ್‌ಗೇ ಮುಂದೆ 'ಇಂಡಿಯಾ ಪೇಲ್ ಏಲ್' ಅನ್ನೋ ಹೆಸರು ನಿಂತಿತು.

ಹಾಪ್ಸ್‌ನಲ್ಲೂ ನಮ್ಮ ಭತ್ತದ ಹಾಗೆ ತಳಿಗಳಿವೆ. ಇಂಗ್ಲೆಂಡಿನ ಗೋಲ್ಡಿಂಗ್ಸ್‌ದು ನಯವಾದ, ಹೂವಿನಂಥ ಘಮ. ಚೆಕ್ ನಾಡಿನ ಸಾಜ್‌ನಲ್ಲಿ ಕಹಿ ಕೊಡೋ ಆಲ್ಫಾ ಆಮ್ಲ ಬರೀ ಶೇ 3–4ರಷ್ಟು. ಪಿಲ್ಸ್‌ನರ್ ಬಿಯರ್‌ಗೆ ಅದೇ ಹೆಸರುವಾಸಿ. 1972ರಲ್ಲಿ ಬಂದ ಅಮೆರಿಕದ ಕ್ಯಾಸ್ಕೇಡ್ ಚಕ್ಕೋತದ ಹಾಗೆ ಘಮ್ಮೆನ್ನುತ್ತೆ. ಈಚಿನ ಸಿಟ್ರಾದಲ್ಲಿ ಆಲ್ಫಾ ಆಮ್ಲ ಶೇ 11–13. ಅಂದ್ರೆ ಸಾಜ್‌ಗಿಂತ ಸುಮಾರು ಮೂರು ಪಟ್ಟು!

ಘಮ ಬೇರೆ ಬೇರೆ ಆದ್ರೂ ಇವುಗಳ ಹಠ ಒಂದೇ. ಚಳಿಗಾಲದಲ್ಲಿ ಗಟ್ಟಿ ಚಳಿ ಬೇಕು, ಬೇಸಿಗೆಯಲ್ಲಿ ಸುಮಾರು 15 ಗಂಟೆ ಹಗಲು ಬೇಕು. ಜೊಯಿಡಾ ಇರೋದು 15 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ಜೂನ್‌ನಲ್ಲೂ ಹಗಲು ಸುಮಾರು 13 ಗಂಟೆ ಅಷ್ಟೇ, ಅದೂ ಜಡಿಮಳೆಯಲ್ಲಿ. ಅದಕ್ಕೇ ಭಾರತದಲ್ಲಿ ಹಾಪ್ಸ್ ನೆಲೆ ಕಂಡಿದ್ದು ಹಿಮಾಚಲದ ಲಾಹೌಲ್ ಕಣಿವೆಯಲ್ಲಿ. ಇಲ್ಲಿ ಬೆಳೆಸಬೇಕಂದ್ರೆ ರಾತ್ರಿ ದೀಪ ಉರಿಸಬೇಕು, ಕರೆಂಟ್ ಬಿಲ್ ನೀವೇ ಕಟ್ಟಬೇಕು.

ಹಾಪ್ಸ್ ಇಲ್ಲದೆ ಬಿಯರ್ರೇ ಇಲ್ಲ ಅಂತಲೂ ಅಲ್ಲ. ಮುಂಡಗೋಡದಲ್ಲಿ 1966ರಿಂದ ಟಿಬೆಟಿಯನ್ನರು ನೆಲೆಸಿದ್ದಾರಲ್ಲ, ಅವರ ನಾಡಿನ ಸಾಂಪ್ರದಾಯಿಕ ಛಾಂಗ್ ಕೂಡ ಬಾರ್ಲಿಯದ್ದೇ. ಅದಕ್ಕೆ ಹಾಪ್ಸ್ ಹಾಕಲ್ಲ. ಮನೆಯಲ್ಲೇ ಮಾಡಿ ಅಲ್ಲೇ ಕುಡಿಯೋದಕ್ಕೆ ಹಡಗಿನ ಪಯಣದ ಚಿಂತೆ ಯಾಕೆ?

ಹಾಗಾಗಿ ನಾನು ಹೇಳೋದಿಷ್ಟು: ಹಾಪ್ಸ್ ಸಸಿ ಮಾರೋರು ಬಂದ್ರೆ, 'ಇಲ್ಲಿ ಹಗಲು ಎಷ್ಟು ಗಂಟೆ?' ಅಂತ ಮೊದಲು ಕೇಳಿ. ಮರಕ್ಕೆ ಹಬ್ಬಿರೋ ಮೆಣಸಿನ ಬಳ್ಳಿಯನ್ನ ಮಾತ್ರ ಕೀಳಬೇಡಿ. ಲೋಕ ಸುತ್ತಿ ಜನ ಹುಡುಕಿಕೊಂಡು ಬಂದಿದ್ದು ಅದನ್ನೇ. ಮುಂದಿನ ವಾರ ಸಿಗೋಣ.