ಹಡಗು ಹತ್ತದ ವಲಸೆ

ಭಾರತೀಯ ಡಯಾಸ್ಪೊರಾ ಎಂದೊಡನೆ ನಮಗೆ ಹಡಗು ನೆನಪಾಗುತ್ತದೆ. 1860ರ ನವೆಂಬರಿನಲ್ಲಿ ಮದ್ರಾಸಿನಿಂದ ಹೊರಟ ‘ಟ್ರೂರೊ’ ಡರ್ಬನ್ ತಲುಪಿತು. ಅಲ್ಲಿಂದ 1911ರವರೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಕರಾರಿನ ಕೂಲಿಗಳಾಗಿ ನಟಾಲ್‌ಗೆ ಹೋದರು. ಬಹುಪಾಲು ಮಂದಿ ಹಡಗು ಹತ್ತಿದ್ದು ಮದ್ರಾಸಿನಲ್ಲಿ. ಅವರಲ್ಲಿ ಉತ್ತರ ಆರ್ಕಾಟಿನವರು ಅನೇಕರು.

ಅದೇ ಜಿಲ್ಲೆಯಿಂದ ಇನ್ನೊಂದು ವಲಸೆ ಹಡಗು ಹತ್ತದೆ ನಮ್ಮ ಕಡೆಗೆ ನಡೆಯಿತು. ಮುಳಬಾಗಿಲಿನ ಗಡಿಯಾಚೆಯ ಚಿತ್ತೂರು ಆಗ ಉತ್ತರ ಆರ್ಕಾಟಿನಲ್ಲೇ ಇತ್ತು. 1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕೋಲಾರದ ಚಿನ್ನದ ಗಣಿಗಳನ್ನು ವಹಿಸಿಕೊಂಡ ಮೇಲೆ ಇಲ್ಲಿಗೆ ಆಳುಗಳು ಬೇಕಾದರು. ಮಾಲೂರು, ಶ್ರೀನಿವಾಸಪುರ ಪಕ್ಕದಲ್ಲೇ ಇದ್ದರೂ ಸುರಂಗಕ್ಕಿಳಿದವರಲ್ಲಿ ಹೆಚ್ಚಿನವರು ಮದ್ರಾಸ್ ಪ್ರಾಂತ್ಯದ ತಮಿಳು ದಲಿತರು. ಅವರ ಮೇಲ್ವಿಚಾರಣೆಗೆ ಬಂದವರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನವರಿದ್ದರು. ಊರಿನ ಗಣಿಗಳು ಮುಚ್ಚುತ್ತಿದ್ದುದರಿಂದ ಅವರೂ ವಲಸಿಗರೇ. ಆದರೆ ಒಬ್ಬರಿಗೆ ಬಂಗಲೆ, ಇನ್ನೊಬ್ಬರಿಗೆ ತಟ್ಟಿಯ ಗುಡಿಸಲು.

ಈ ಎರಡು ವಲಸೆಗಳನ್ನು ಜೊತೆಗಿಟ್ಟು ಓದಬೇಕೆಂದು ನನಗನ್ನಿಸಿದ್ದು ಬೆರಳಚ್ಚಿನಿಂದಾಗಿ. ಟ್ರಾನ್ಸ್‌ವಾಲ್‌ನ ಭಾರತೀಯರು ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ಕಾನೂನಿನ ವಿರುದ್ಧ 1906ರಲ್ಲಿ ಗಾಂಧೀಜಿ ಹೋರಾಟ ಆರಂಭಿಸಿದರು. ಅದು ಶಾಲಾಮಕ್ಕಳಿಗೂ ಗೊತ್ತು. 1930ರಲ್ಲಿ ಕೋಲಾರದ ಗಣಿಗಳಲ್ಲೂ ಬೆರಳಚ್ಚಿನ ನೋಂದಣಿಯ ವಿರುದ್ಧ ಸಾವಿರಾರು ಕಾರ್ಮಿಕರು ಕೆಲಸ ನಿಲ್ಲಿಸಿದರು. ಇದು ಕೋಲಾರದಲ್ಲೇ ಎಷ್ಟು ಜನಕ್ಕೆ ಗೊತ್ತು? ದುಡಿಯಲು ಬಂದವನನ್ನು ಅಪರಾಧಿಯಂತೆ ಗುರುತು ಹಿಡಿಯುವುದು ಎರಡೂ ಕಡೆ ಒಂದೇ ಅವಮಾನವಾಗಿತ್ತು. ಸಮುದ್ರ ದಾಟಿದವರ ಪ್ರತಿರೋಧ ರಾಷ್ಟ್ರದ ಕಥೆಯಾಯಿತು. ಗಡಿ ದಾಟಿದವರದ್ದು ‘ಕೂಲಿ ಗಲಾಟೆ’ಯಾಗಿ ಉಳಿಯಿತು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಇಂದು ಆ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ಮಾರಿಕುಪ್ಪಂನಿಂದ ನಸುಕಿನ ರೈಲು ಹಿಡಿದು, ಬಂಗಾರಪೇಟೆ, ಮಾಲೂರು ದಾಟಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ನಾಲ್ಕೈದು ತಲೆಮಾರು ಇಲ್ಲೇ ಹುಟ್ಟಿ ಇಲ್ಲೇ ಮಣ್ಣಾದರೂ ಅವರನ್ನು ‘ಹೊರಗಿನವರು’ ಎನ್ನುವ ಮಾತು ನಿಂತಿಲ್ಲ. ಡರ್ಬನ್ನಿನಲ್ಲಿ ನೆಲೆಸಿದವರ ಮೊಮ್ಮಕ್ಕಳನ್ನು ನಾವು ಹೆಮ್ಮೆಯಿಂದ ‘ನಮ್ಮವರು’ ಎನ್ನುತ್ತೇವೆ. ಜಿಲ್ಲೆಯ ಚರಿತ್ರೆ ಬರೆಯುವಾಗ ಆ ಮಾತನ್ನು ಮಾರಿಕುಪ್ಪಂನವರಿಗೂ ಹೇಳಬೇಕಾಗಿದೆ.