ಪಾದದಡಿಯ ದನಿ
ಗಿಟಾರ್ ವಾದಕನ ಕೈಗಳೆರಡೂ ತಂತಿಯ ಮೇಲೆ. ದನಿಯ ಬಣ್ಣ ಬದಲಿಸಲು ಉಳಿಯುವುದು ಕಾಲು ಮಾತ್ರ. 1966ರಲ್ಲಿ ಕ್ಯಾಲಿಫೋರ್ನಿಯಾದ ಥಾಮಸ್ ಆರ್ಗನ್ ಕಂಪೆನಿಯ ಎಂಜಿನಿಯರ್ ಬ್ರಾಡ್ ಪ್ಲಂಕೆಟ್ ಹುಡುಕುತ್ತಿದ್ದುದು ಆಂಪ್ಲಿಫೈಯರ್‌ನ ದುಬಾರಿ ಸ್ವಿಚ್ಚಿಗೆ ಅಗ್ಗದ ಬದಲಿಯನ್ನು. ಸಿಕ್ಕಿದ್ದು ಮಗು ಅತ್ತಂತಹ ‘ವಾ-ವಾ’ ದನಿ! ಅದನ್ನು ಆರ್ಗನ್ ವಾದ್ಯದ ವಾಲ್ಯೂಮ್ ಪೆಡಲಿನೊಳಗೆ ಕೂರಿಸಲಾಯಿತು. 1968ರಲ್ಲಿ ಜಿಮಿ ಹೆಂಡ್ರಿಕ್ಸ್‌ನ ‘ವೂಡೂ ಚೈಲ್ಡ್’ ಆ ದನಿಯಿಂದಲೇ ಆರಂಭವಾಯಿತು.

ಪೆಡಲಿನ ಒಳಗಿನ ಏರ್ಪಾಡು ಸರಳ. ಪಾದ ಒತ್ತಿದಂತೆ ಹಲ್ಲುಪಟ್ಟಿಯೊಂದು ರೇಡಿಯೋದ ವಾಲ್ಯೂಮ್ ಗುಂಡಿಯ ಹಿಂದಿರುವಂಥದೇ ಬಿಡಿಭಾಗವನ್ನು ತಿರುಗಿಸುತ್ತದೆ. ಅದರೊಳಗೆ ಇಂಗಾಲದ ಲೇಪದ ಮೇಲೆ ಲೋಹದ ನಾಲಗೆ ಉಜ್ಜುತ್ತದೆ. ದಿನವೂ ಉಜ್ಜಿದರೆ ಲೇಪ ಸವೆಯದೆ ಇದ್ದೀತೆ? ಆಗ ಸಂಗೀತದ ನಡುವೆ ಕರಕರ ಸದ್ದು. ಬಿಗಿ ಸಡಿಲಿದರೆ ಪೆಡಲು ಬಿಟ್ಟಲ್ಲಿ ನಿಲ್ಲದು. ಮಾರ್ಲಿ ಪೆಡಲುಗಳಲ್ಲಿ ಉಜ್ಜುವ ಭಾಗದ ಬದಲು ಬೆಳಕನ್ನು ಬಳಸಿ ಈ ಸವೆತ ತಪ್ಪಿಸಿದರು. ಆದರೂ ಹಳೆಯ ಬಗೆಯ ಬಿಗಿಗೆ ಪಾದ ಒಗ್ಗಿಹೋದ ವಾದಕರು, ಸವೆದ ಬಿಡಿಭಾಗ ಬದಲಿಸಿಕೊಂಡು ಅದನ್ನೇ ತುಳಿಯುತ್ತಾರೆ.